ಸಣ್ಣ ಮೀನಿನ ನೆತ್ತಿಗೆ ಬೆಳ್ಳಿ ಬೊಟ್ಟು ಬಂದದ್ದು

ಭೂಮಿ ಹೊಸದಾಗಿದ್ದ ಕಾಲ. ಹೊಳೆಗಳು ಯಾವ ಕಡೆ ಹರಿಯುವುದೆಂದು ಇನ್ನೂ ಗಟ್ಟಿ ಮಾಡಿಕೊಂಡಿರಲಿಲ್ಲ. ಬೆಟ್ಟಗಳು ಕೂತ ಜಾಗ ಹಿಡಿಸದಿದ್ದರೆ ಎದ್ದು ಒಂದಿಷ್ಟು ಸರಿದು ಕೂರುತ್ತಿದ್ದವು. ಗಾಳಿ ಆಡಿದ ಮಾತು ಮನುಷ್ಯರಿಗೆ ತಿಳಿಯುತ್ತಿತ್ತು. ಮನುಷ್ಯರು ಕರೆದರೆ ಮೀನುಗಳು ಓಗೊಡುತ್ತಿದ್ದವು.

ಆಗ ಮೀನುಗಳೆಲ್ಲ ಹೊಳೆಯಲ್ಲೇ ಇದ್ದವು. ಕೆರೆಯಲ್ಲಿ ಇರಲಿಲ್ಲ, ಬಾವಿಯಲ್ಲಿ ಇರಲಿಲ್ಲ. ಇರುವುದಕ್ಕೆ ಕೆರೆ ಬಾವಿಗಳನ್ನು ಯಾರೂ ಇನ್ನೂ ತೋಡಿರಲಿಲ್ಲ.

ಹೊಳೆಯಿಂದ ಬಲು ದೂರ, ಒಂದು ಕೆಂಪು ದಿಬ್ಬದ ಮೇಲೆ, ಹತ್ತು ಹನ್ನೆರಡು ಗುಡಿಸಲುಗಳ ಹಟ್ಟಿಯಿತ್ತು. ಅಲ್ಲಿನ ಹೆಂಗಸರು ಬೆಳಗ್ಗೆ ಕೊಡ ಹೊತ್ತು ಹೊರಟರೆ ಸೂರ್ಯ ನೆತ್ತಿಗೆ ಬರುವಾಗ ಹೊಳೆ ಸೇರುತ್ತಿದ್ದರು. ತುಂಬಿದ ಕೊಡ ಹೊತ್ತು ಮನೆ ಮುಟ್ಟುವಾಗ ಸಂಜೆ. ಒಂದು ಕೊಡ ನೀರಿಗೆ ಒಂದು ಹಗಲು.

ಹಟ್ಟಿಯ ಕೊನೆಯ ಗುಡಿಸಲು ಕೆಂಚವ್ವನದು. ಕೆಂಚವ್ವ ಮಡಕೆ ಮಾಡುವವಳು. ತಲೆ ನೆರೆತಿತ್ತು, ಬೆನ್ನು ತುಸು ಬಾಗಿತ್ತು, ಕೈಗಳು ಮಾತ್ರ ಗಟ್ಟಿಯಾಗಿದ್ದವು. ಅವಳ ಜೊತೆಗೆ ಮೊಮ್ಮಗಳು ಹೂವಿ. ತಾಯಿಯಿಲ್ಲದ ಮಗು, ಆರು ವರ್ಷದ್ದು. ಅಜ್ಜಿ ತಿಗರಿ ತಿರುಗಿಸುವಾಗ ಪಕ್ಕದಲ್ಲೇ ಕೂತು ಮಣ್ಣಿನ ಹಕ್ಕಿ, ಮಣ್ಣಿನ ಎತ್ತು ಮಾಡಿಕೊಂಡು ಆಡುತ್ತಿತ್ತು.

ಕೆಂಚವ್ವನ ಹಿತ್ತಲಲ್ಲಿ ಒಳ್ಳೆಯ ಮಣ್ಣಿತ್ತು. ಬೆಣ್ಣೆಯಂಥ ಮಣ್ಣು. ದಿನವೂ ಒಂದು ಮಂಕರಿ ಅಗೆದಳು. ದಿನವೂ ಒಂದು ಮಂಕರಿ, ದಿನವೂ ಒಂದು ಮಂಕರಿ. ವರ್ಷ ಕಳೆಯುವುದರಲ್ಲಿ ಹಿತ್ತಲಲ್ಲಿ ದೊಡ್ಡ ಗುಂಡಿಯಾಯಿತು. ಮಳೆಗಾಲ ಬಂತು, ಗುಂಡಿ ತುಂಬಿತು. ಮಳೆ ನಿಂತಿತು, ನೀರು ಇಂಗಲಿಲ್ಲ. ಆ ಸೀಮೆಯ ಮೊದಲ ಹಿತ್ತಲ ಹೊಂಡ ಹುಟ್ಟಿದ್ದು ಹೀಗೆ, ಯಾರೂ ಹುಟ್ಟಿಸಬೇಕೆಂದು ಕೂರದೆ.

ಹಟ್ಟಿಯವರೆಲ್ಲ ಬಂದು ನೋಡಿದರು. ನೀರನ್ನು ಮುಟ್ಟಿದರು, ಮುಖಕ್ಕೆ ಹಚ್ಚಿಕೊಂಡರು.

ಹಟ್ಟಿಯ ಹಿರಿಯ ಬೊಮ್ಮಣ್ಣನ ಹೆಂಡತಿ ಸಾಕವ್ವ ಆಗ ಮೂರು ತಿಂಗಳ ಬಸುರಿ. ಅವಳು ಕೊಡ ತುಂಬಿಸಿಕೊಂಡು, ಹೊಂಡದ ಕಡೆಗೊಮ್ಮೆ, ತನ್ನ ಗುಡಿಸಲಿನ ಕಡೆಗೊಮ್ಮೆ ನೋಡಿದಳು. "ಇಪ್ಪತ್ತು ಹೆಜ್ಜೆ ಕೆಂಚಕ್ಕ. ನಿನ್ನ ಕೈ ತಣ್ಣಗಿರಲಿ," ಅಂದಳು.

ಕೆಂಚವ್ವನಿಗೆ ಆ ಮಾತು ಬಹಳ ದಿನ ಮನಸ್ಸಿನಲ್ಲಿ ಸಿಹಿಯಾಗಿ ಉಳಿಯಿತು.

ಹೊಳೆಯ ನೀರು ನಡೆಯುವ ನೀರು. ಹೊಂಡದ ನೀರು ಕೂತ ನೀರು. ಕೂತ ನೀರು ಕಂಡರೆ ಸೊಳ್ಳೆಗೆ ತವರು ಮನೆ ಕಂಡ ಹಾಗೆ. ಎಲ್ಲಿಂದಲೋ ಒಂದು ಸೊಳ್ಳೆ ಬಂತು, ಮೊಟ್ಟೆಯಿಟ್ಟಿತು. ಅದರ ಹಿಂದೆ ಹತ್ತು ಬಂದವು. ಆ ಬೇಸಗೆಗೆ ಸಂಜೆಯಾದರೆ ಹಟ್ಟಿಯ ಮೇಲೆ ಕರಿ ಹೊಗೆಯಂತೆ ಸೊಳ್ಳೆ ಏಳುತ್ತಿತ್ತು.

ಆಮೇಲೆ ಜ್ವರ ಬಂತು. ಮೊದಲು ಕುರಿ ಕಾಯುವವನಿಗೆ ಬಂತು, ಆಮೇಲೆ ಸಾಕವ್ವನಿಗೆ ಬಂತು. ಸಾಕವ್ವ ಹೆತ್ತು ಇನ್ನೂ ತಿಂಗಳಾಗಿರಲಿಲ್ಲ. ಒಂದು ದಿನ ಹೂವಿ ಮಣ್ಣಿನ ಎತ್ತನ್ನು ಕೈಯಲ್ಲಿ ಹಿಡಿದಿದ್ದವಳು, ಅದನ್ನು ಕೆಳಗಿಟ್ಟು, "ಅಜ್ಜಿ, ಚಳಿ," ಅಂದಳು.

ಸುಡು ಬೇಸಗೆ ಅದು. ಕೆಂಚವ್ವ ಕಂಬಳಿ ಹೊದಿಸಿದಳು. ಅದರ ಮೇಲೆ ಇನ್ನೊಂದು. ಅದರ ಮೇಲೆ ತನ್ನ ಸೀರೆ. ಆದರೂ ಮಗುವಿನ ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಮೈ ಕೆಂಡವಾಯಿತು, ಆಮೇಲೆ ಬೆವರು ಬಿಟ್ಟಿತು. ಮಾರನೆಯ ದಿನ ಹೂವಿ ಎದ್ದು ಕೂತಳು. ಅದರ ಮಾರನೆಯ ದಿನ ಮತ್ತೆ ಚಳಿ.

ಕೆಂಚವ್ವ ಕಷಾಯ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಹುಣ್ಣಿಮೆಯ ದಿನ ಬೆಳಗ್ಗೆ ಬಟ್ಟೆ ನೆನೆಸಲು ಹೊಂಡಕ್ಕೆ ಹೋದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಅಲ್ಲೇ ಕುಕ್ಕರಿಸಿದಳು.

ಗಾಳಿ ಅದನ್ನು ನೋಡಿತು. ದಿಬ್ಬದ ಮೇಲೆ ದಿನವೂ ಓಡಾಡುವ ಗಾಳಿ. ಅದು ಮೆಲ್ಲಗೆ ಬಂದು ಅವಳ ಪಕ್ಕ ಕೂತಿತು.

"ಕೆಂಚವ್ವ, ಹೇಳಬೇಕೋ ಬೇಡವೋ ಅಂತ ನಾಲ್ಕು ದಿನದಿಂದ ಸುತ್ತುತ್ತಿದ್ದೇನೆ. ನೀರನ್ನು ಹತ್ತಿರದಿಂದ ನೋಡು," ಅಂದಿತು.

ಕೆಂಚವ್ವ ಬಗ್ಗಿ ನೋಡಿದಳು. ನೀರಿನ ಮೇಲುಪದರಕ್ಕೆ ಅಂಟಿಕೊಂಡು, ಕೂದಲಿನಂಥ ಸಣ್ಣ ಹುಳುಗಳು ಸಾವಿರ ಇದ್ದವು. ಬಳುಕುತ್ತಿದ್ದವು, ಮುಳುಗುತ್ತಿದ್ದವು, ಮತ್ತೆ ಮೇಲೆ ಬಂದು ಅಂಟಿಕೊಳ್ಳುತ್ತಿದ್ದವು.

"ಇವು ಸೊಳ್ಳೆಮರಿ," ಗಾಳಿ ಹೇಳಿತು. "ಇಲ್ಲೇ ಹುಟ್ಟಿ, ಇಲ್ಲೇ ರೆಕ್ಕೆ ಬಂದು, ಸಂಜೆಗೆ ನಿಮ್ಮ ಮೈಮೇಲೆ ಕೂರುವುದು ಇವೇ. ಒಬ್ಬರ ಜ್ವರವನ್ನು ಕಚ್ಚಿ ಇನ್ನೊಬ್ಬರಿಗೆ ಕೊಡುವುದೂ ಇವೇ."

ಕೆಂಚವ್ವ ಹೊಂಡವನ್ನೊಮ್ಮೆ, ಗುಡಿಸಲನ್ನೊಮ್ಮೆ ನೋಡಿದಳು. ತಾನು ಅಗೆದ ಗುಂಡಿ. ತನ್ನ ಹೂವಿಯ ಜ್ವರ. ಸಾಕವ್ವನ ಎದೆಹಾಲು ಕುಡಿಯುವ ಕೂಸು.

ಬೇಕಾದರೆ ಅವಳು ಸುಮ್ಮನಿರಬಹುದಿತ್ತು. ಗಾಳಿ ಹೇಳಿದ್ದು ಅವಳೊಬ್ಬಳ ಕಿವಿಗೆ. ಆದರೆ ಅವಳು ಎದ್ದಳು, ಸೀರೆಗೆ ಕೈ ಒರೆಸಿಕೊಂಡಳು, ನೆಟ್ಟಗೆ ಬೊಮ್ಮಣ್ಣನ ಗುಡಿಸಲಿಗೆ ಹೋದಳು.

"ಬೊಮ್ಮಣ್ಣ, ಜ್ವರ ನನ್ನ ಹೊಂಡದಿಂದ ಬಂದಿದೆ," ಅಂದಳು. ಗಾಳಿ ಹೇಳಿದ್ದನ್ನೆಲ್ಲ ಹೇಳಿದಳು.

ಬೊಮ್ಮಣ್ಣ ಒಳಗೆ ಮಲಗಿದ್ದ ಸಾಕವ್ವನನ್ನು ನೋಡಿದ. ಅವನು ಕೆಟ್ಟವನಲ್ಲ. ಆದರೆ ಮೂರು ವಾರದಿಂದ ಹೆಂಡತಿಯ ನಡುಕ ನೋಡಿ ಅವನ ಮುಖ ಒಣಗಿಹೋಗಿತ್ತು.

"ಹಾಗಾದರೆ ಮುಚ್ಚಿಬಿಡೋಣ," ಅಂದ. "ಇವತ್ತೇ."

"ಮುಚ್ಚಿದರೆ ಮತ್ತೆ ಎಲ್ಲರೂ ಹೊಳೆಗೆ ಹೋಗಬೇಕು. ಜ್ವರ ಬಂದವರೂ ಹೋಗಬೇಕು."

"ಹೋಗುತ್ತೇವೆ. ಮೊದಲು ಹೋಗುತ್ತಿರಲಿಲ್ಲವೇ?"

ಒಳಗಿನಿಂದ ಸಾಕವ್ವನ ದನಿ ಬಂತು. "ಹೋಗುತ್ತಿದ್ದದ್ದು ನೀವಲ್ಲ, ನಾವು."

ಬೊಮ್ಮಣ್ಣ ತಲೆ ಕೆರೆದುಕೊಂಡ. "ಅಮಾವಾಸ್ಯೆಯವರೆಗೆ ನೋಡೋಣ ಕೆಂಚಕ್ಕ," ಅಂದ. "ಅಷ್ಟರಲ್ಲಿ ನಿನಗೆ ದಾರಿ ಸಿಕ್ಕರೆ ಸರಿ. ಇಲ್ಲದಿದ್ದರೆ ನಾವೆಲ್ಲ ಗುದ್ದಲಿ ಹಿಡಿದು ಬರುತ್ತೇವೆ. ಆಗ ನೀನು ಬೇಜಾರು ಮಾಡಿಕೊಳ್ಳಬಾರದು."

ದಾರಿ ಯಾವುದು? ಕೆಂಚವ್ವ ಗಾಳಿಯನ್ನೇ ಕೇಳಿದಳು. ಗಾಳಿ ಹೇಳಿತು, "ಹೊಳೆಯ ಅಂಚಿನಲ್ಲೂ ಕೂತ ನೀರಿದೆ. ಅಲ್ಲಿ ಸೊಳ್ಳೆ ಇಷ್ಟಿಲ್ಲ. ಅಲ್ಲಿ ಮೀನಿದೆ. ಹೊಳೆಯವ್ವನನ್ನು ಕೇಳು."

ಮಾರನೆಯ ಬೆಳಗ್ಗೆ ಕೆಂಚವ್ವ ತನ್ನ ಮನೆಯಲ್ಲಿದ್ದ ಅಗಲ ಬಾಯಿಯ ಬಾನಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟಳು. ಹೂವಿಯನ್ನು ಪಕ್ಕದ ಗುಡಿಸಲಿನವರು ನೋಡಿಕೊಂಡರು.

ಬೇಸಗೆಯಲ್ಲೂ ಹೊಳೆ ತುಂಬಿ ಹರಿಯುತ್ತಿತ್ತು. "ಬಾ ಮಗಳೇ," ಅಂದಿತು. "ನೀನು ಬಂದು ಬಹಳ ದಿನವಾಯಿತು. ನಿನ್ನದೇ ನೀರು ಇದೆಯಂತೆ."

"ಇದೆ ತಾಯಿ. ಅದಕ್ಕೊಂದು ಮೀನು ಬೇಕು."

"ಎಂಥ ಮೀನು?"

ಆಗಲೇ ನಡುನೀರಿನಲ್ಲಿ ಒಂದು ಮೀನು ಮಗ್ಗುಲಾಯಿತು. ಮೊಳದುದ್ದದ ಮೀನು, ಹೊನ್ನಿನ ಬಣ್ಣ. ಬಿಸಿಲು ಅದರ ಬೆನ್ನಿನ ಮೇಲೆ ಬಿದ್ದು ಕೆಂಚವ್ವನ ಕಣ್ಣು ಕೋರೈಸಿತು. ಇಷ್ಟು ದೊಡ್ಡ ಮೀನಿದ್ದರೆ ಸೊಳ್ಳೆಮರಿ ಒಂದಾದರೂ ಉಳಿದೀತೇ ಅಂದುಕೊಂಡಳು. ಹಟ್ಟಿಯವರು ಅದನ್ನು ನೋಡಿ ಏನನ್ನಬಹುದು ಅಂತಲೂ ಅಂದುಕೊಂಡಳು.

"ಅದು," ಅಂದಳು.

"ಅದನ್ನೇ ಕೇಳಿ ನೋಡು," ಹೊಳೆ ಹೇಳಿತು.

ಹೊನ್ನಿನ ಮೀನು ಹಟ್ಟಿ ನೋಡಿರಲಿಲ್ಲ, ಹಿತ್ತಲು ನೋಡಿರಲಿಲ್ಲ. ನೋಡುವ ಆಸೆಯಾಯಿತು. "ಬರುತ್ತೇನೆ," ಅಂದಿತು. ಬಾನಿಯಲ್ಲಿ ಬಾಗಿ ಮಲಗಿ ದಾರಿಯುದ್ದಕ್ಕೂ ಬಂತು.

ಹೊಂಡಕ್ಕೆ ಬಿಟ್ಟಾಗ ಸಂಜೆಯಾಗಿತ್ತು. ಮೀನು ಒಂದು ಸಲ ಬಾಲ ಬಡಿಯಿತು, ಆಚೆ ದಡಕ್ಕೆ ಮೂತಿ ತಾಗಿತು. ತಿರುಗಿ ಒಂದು ಸಲ ಬಾಲ ಬಡಿಯಿತು, ಈಚೆ ದಡಕ್ಕೆ ತಾಗಿತು. ಬೆಳಗ್ಗೆ ಕೆಂಚವ್ವ ನೋಡುವಾಗ ಅದು ನೀರಿನ ಮೇಲೆ ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿತ್ತು. ಸುತ್ತಲೂ ಸೊಳ್ಳೆಮರಿಗಳು ಹಾಯಾಗಿ ಬಳುಕುತ್ತಿದ್ದವು.

"ಯಾಕೆ ತಿನ್ನಲಿಲ್ಲ?" ಕೆಂಚವ್ವ ಕೇಳಿದಳು.

"ಯಾವುದನ್ನು?" ಅಂದಿತು ಮೀನು. ಸೊಳ್ಳೆಮರಿ ಅದರ ಕಣ್ಣಿಗೇ ಬಿದ್ದಿರಲಿಲ್ಲ. "ಕೆಂಚವ್ವ, ಇಲ್ಲಿ ನೀರು ನಡೆಯುವುದಿಲ್ಲ. ನೀರು ನಡೆಯದಿದ್ದರೆ ನನಗೆ ಉಸಿರು ಸಿಗುವುದಿಲ್ಲ."

ಹೂವಿಗೆ ಅಂದು ಚಳಿಯ ದಿನ. ಆದರೂ ಕೆಂಚವ್ವ ಮೀನನ್ನು ಸಾಯಲು ಬಿಡಲಿಲ್ಲ. ಮಗುವನ್ನು ಪಕ್ಕದವರಿಗೆ ಒಪ್ಪಿಸಿ, ಬಾನಿ ಹೊತ್ತು, ಬಿಸಿಲು ಏರುವ ಮೊದಲೇ ಹೊರಟು, ಆವತ್ತೂ ಹೊಳೆಯವರೆಗೆ ನಡೆದಳು. ದಾರಿಯಲ್ಲಿ ಎರಡು ಸಲ ಬಾನಿ ಇಳಿಸಿ, ಬೊಗಸೆಯಿಂದ ನೀರನ್ನು ಮೇಲೆತ್ತಿ ಸುರಿದು, ಮೀನಿಗೆ ಗಾಳಿ ಆಡಿಸಿದಳು.

ಹರಿವಿಗೆ ಬಿಟ್ಟೊಡನೆ ಮೀನಿಗೆ ಜೀವ ಬಂತು. ಅದು ಒಂದು ಸುತ್ತು ಹೋಗಿ ಮರಳಿ ಬಂತು.

"ನೀನು ನನ್ನನ್ನು ವಾಪಸು ತಂದೆ. ಮನೆಯಲ್ಲಿ ಮಗು ಮಲಗಿದ್ದರೂ ತಂದೆ. ಅದಕ್ಕೆ ಒಂದು ಮಾತು ಹೇಳುತ್ತೇನೆ, ಕೇಳು. ಕಣ್ಣಿಗೆ ಚೆಂದ ಕಂಡ ಮೀನನ್ನು ಕರೆಯಬೇಡ. ಮೊದಲು ನಿನ್ನ ಹೊಂಡವನ್ನು ಅಳೆ," ಅಂದಿತು.

ಒಳ್ಳೆಯ ಮಾತು. ಆದರೆ ಕೆಂಚವ್ವನಿಗೆ ಆ ಹೊತ್ತಿಗೆ ಅಳೆಯುವ ತಾಳ್ಮೆ ಇರಲಿಲ್ಲ. ಇನ್ನೊಂದು ಮೀನು ತಾನಾಗಿ ದಡದ ಕೆಸರಿನಲ್ಲಿ ತಲೆ ಎತ್ತಿತ್ತು. ಹಾವಿನಂಥ ತಲೆ, ಕಪ್ಪು ಮೈ.

"ನನ್ನನ್ನು ಕರೆದುಕೊಂಡು ಹೋಗು," ಅಂದಿತು ಹಾವುತಲೆಯ ಮೀನು. "ನನಗೆ ಹರಿವೂ ಬೇಡ, ಏನೂ ಬೇಡ. ಕೆಸರಿದ್ದರೂ ಸಾಕು. ಸಿಕ್ಕಿದ್ದೆಲ್ಲ ತಿನ್ನುತ್ತೇನೆ."

ಸಿಕ್ಕಿದ್ದೆಲ್ಲ ತಿನ್ನುತ್ತೇನೆ ಅಂದದ್ದು ಕೆಂಚವ್ವನಿಗೆ ಹಿಡಿಸಿತು. ಹೊತ್ತು ತಂದಳು.

ಅದು ಸುಳ್ಳು ಹೇಳಿರಲಿಲ್ಲ. ಸಿಕ್ಕಿದ್ದೆಲ್ಲ ತಿಂದಿತು. ಮೊದಲು ಗೊದಮೊಟ್ಟೆಗಳನ್ನು ತಿಂದಿತು. ಆಮೇಲೆ ಕಪ್ಪೆಗಳನ್ನು ತಿಂದಿತು. ಆಮೇಲೆ ನೀರುಹುಳುಗಳನ್ನು ಒಂದೂ ಬಿಡದೆ ತಿಂದಿತು. ಸೊಳ್ಳೆಮರಿ ಮಾತ್ರ ಅದರ ಹಲ್ಲಿನ ಸಂದಿಗೂ ಸಾಲುತ್ತಿರಲಿಲ್ಲ. ಇಷ್ಟು ದಿನ ಸೊಳ್ಳೆಮರಿಗಳನ್ನು ಅಷ್ಟೋ ಇಷ್ಟೋ ತಿಂದು ಕಡಿಮೆ ಮಾಡುತ್ತಿದ್ದದ್ದು ಆ ನೀರುಹುಳುಗಳೇ, ಆ ಕಪ್ಪೆಗಳೇ. ಅವು ಹೋದ ಮೇಲೆ ಸೊಳ್ಳೆ ಎರಡು ಪಟ್ಟಾಯಿತು.

ಉಳಿದಿದ್ದ ಒಂದೇ ಕಪ್ಪೆ ಕೆಂಚವ್ವನ ಹೊಸ್ತಿಲಿಗೆ ಬಂದು ಕೂತಿತು. "ಅವ್ವಾ, ನಾವು ನಿನಗೆ ಏನು ಮಾಡಿದ್ದೆವು?" ಅಂತ ಕೇಳಿತು.

ಕೆಂಚವ್ವ ಒಂದು ಬಾಯಿ ಒಡೆದ ಕುಡಿಕೆಯಲ್ಲಿ ನೀರು ಹಾಕಿ ಅದಕ್ಕೆ ಜಾಗ ಮಾಡಿಕೊಟ್ಟಳು.

ಹತ್ತು ದಿನವಾದ ಮೇಲೆ ಒಂದು ಬೆಳಗ್ಗೆ ಮಳೆ ಹನಿಯಿತು. ಹಾವುತಲೆಯ ಮೀನು ಹೊಂಡದಿಂದ ಹೊರಗೆ ಬಂದು, ಒದ್ದೆ ಹುಲ್ಲಿನ ಮೇಲೆ ತೆವಳಿಕೊಂಡು, ಹೊಳೆಯ ಕಡೆ ಹೊರಟಿತು. ಅದಕ್ಕೇನೂ ಬೇಜಾರಿರಲಿಲ್ಲ. "ಇಲ್ಲಿ ತಿನ್ನುವುದಕ್ಕೆ ಇನ್ನೇನೂ ಇಲ್ಲ ಕೆಂಚವ್ವ, ಬರುತ್ತೇನೆ," ಅಂತ ಹೇಳಿ ಹೋಯಿತು.

ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು. ಹೂವಿ ಈಗ ಚಳಿಯಿಲ್ಲದ ದಿನವೂ ಏಳುತ್ತಿರಲಿಲ್ಲ. ಅನ್ನ ಇಟ್ಟರೆ ಮುಖ ತಿರುಗಿಸುತ್ತಿದ್ದಳು. ಅವಳ ಕೈ ಹಿಡಿದರೆ ಒಣಗಿದ ಕಡ್ಡಿ ಹಿಡಿದ ಹಾಗಿತ್ತು.

ಮಧ್ಯಾಹ್ನ ಬೊಮ್ಮಣ್ಣ ಬಂದ. ಕೈಯಲ್ಲಿ ಗುದ್ದಲಿ ಇರಲಿಲ್ಲ, ಗಂಜಿಯ ಚೆಂಬಿತ್ತು.

"ಸಾಕವ್ವ ಕಳಿಸಿದಳು, ಮಗುವಿಗೆ," ಅಂದ. ಹೂವಿಯ ಮುಖ ನೋಡಿ ಅಲ್ಲೇ ಗೋಡೆಗೆ ಒರಗಿ ಕೂತ. "ಹೊಂಡದ ವಿಷಯ..." ಅಂತ ಶುರುಮಾಡಿ ನಿಲ್ಲಿಸಿದ.

"ನಾಳೆ ಒಂದು ದಿನ ಇದೆ ಬೊಮ್ಮಣ್ಣ," ಅಂದಳು ಕೆಂಚವ್ವ. "ಇನ್ನೊಂದು ಸಲ ಹೊಳೆಗೆ ಹೋಗಿ ಬರುತ್ತೇನೆ. ಆದರೆ ಇವಳನ್ನು ಬಿಟ್ಟು ಹೇಗೆ ಹೋಗಲಿ?"

ಬೊಮ್ಮಣ್ಣ ಗಂಜಿಯ ಚೆಂಬನ್ನು ಪಕ್ಕಕ್ಕಿಟ್ಟ. "ನಾನು ಕೂತಿರುತ್ತೇನೆ. ನಾಳೆ ನೀನು ಬರುವವರೆಗೂ ಏಳುವುದಿಲ್ಲ. ಹೋಗು," ಅಂದ.

ಹೊರಡುವ ಮೊದಲು ಈ ಸಲ ಕೆಂಚವ್ವ ಮಾಡಬೇಕಾದದ್ದನ್ನು ಮಾಡಿದಳು. ಬೆಳಗಾಗುತ್ತಲೇ ಹೊಂಡದ ಸುತ್ತ ಹೆಜ್ಜೆ ಹಾಕಿದಳು. ನೀರಿಗಿಳಿದು, ಎಲ್ಲಿ ಮೊಣಕಾಲು, ಎಲ್ಲಿ ಸೊಂಟ ಅಂತ ನೋಡಿದಳು. ನೀರನ್ನು ಮುಟ್ಟಿ, ಮೂಸಿ, ನಾಲಿಗೆಗೆ ಹಚ್ಚಿಕೊಂಡು ನೋಡಿದಳು. ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ನಡೆದಳು.

"ಎಂಥ ಮೀನು ಬೇಕು ಮಗಳೇ?" ಹೊಳೆ ಮತ್ತೆ ಕೇಳಿತು.

"ಯಾವ ಮೀನು ಅಂತ ನನಗೆ ಗೊತ್ತಿಲ್ಲ ತಾಯಿ. ನನ್ನ ಹೊಂಡ ಎಂಥದ್ದು ಅಂತ ಗೊತ್ತು. ಉದ್ದ ಹನ್ನೆರಡು ಹೆಜ್ಜೆ, ಅಗಲ ಎಂಟು. ಆಳ ನನ್ನ ಸೊಂಟದವರೆಗೆ. ನೀರು ನಡೆಯುವುದಿಲ್ಲ. ಮಧ್ಯಾಹ್ನ ಬೆಚ್ಚಗಾಗುತ್ತದೆ. ಒಂದು ಕಡೆ ಹೊಂಗೆ ಮರದ ನೆರಳಿದೆ, ಒಂದು ಕಡೆ ಹುಲ್ಲು ಬಾಗಿದೆ. ಅಲ್ಲಿ ಮನೆಮಂದಿ ಕೊಡ ಮುಳುಗಿಸುತ್ತಾರೆ. ಅಲ್ಲಿ ಇದ್ದು ಸುಖವಾಗಿರುವ ಮೀನು ಯಾವುದಾದರೂ ಇದ್ದರೆ ಕೊಡು. ಅದಕ್ಕೆ ಕಷ್ಟವಾಗುವುದಾದರೆ ಬೇಡ, ಹೊಂಡ ಮುಚ್ಚುತ್ತೇನೆ."

ಹೊಳೆ ಒಂದು ಗಳಿಗೆ ಹರಿಯುವುದನ್ನೇ ನಿಲ್ಲಿಸಿ ಕೇಳಿಸಿಕೊಂಡಿತು. ಆಮೇಲೆ, "ಅಂಚಿಗೆ ಬಾ," ಅಂದಿತು. "ಜೊಂಡಿನ ಹತ್ತಿರ. ನಿನ್ನ ನೆರಳು ನೀರಿನ ಮೇಲೆ ಬೀಳದ ಹಾಗೆ ಕೂರು."

ಕೆಂಚವ್ವ ಕೂತಳು. ಮೊದಲು ಏನೂ ಕಾಣಲಿಲ್ಲ. ಪಾಚಿ, ಜೊಂಡು, ನೀರು. ಆಮೇಲೆ ನೀರಿನದೇ ಬಣ್ಣದ ಏನೋ ಒಂದು ಅಲುಗಿತು. ಬೆರಳುದ್ದದ ಮೀನು. ಚಪ್ಪಟೆ ನೆತ್ತಿ, ಮೇಲಕ್ಕೆ ತೆರೆದ ಬಾಯಿ, ಮೇಲಕ್ಕೇ ನೋಡುವ ಕಣ್ಣು.

ಆ ಮೀನಿಗೆ ಹೆಸರೇ ಇರಲಿಲ್ಲ. ಯಾರೂ ಅದನ್ನು ಕರೆದಿರಲಿಲ್ಲ. ದೊಡ್ಡ ಮೀನುಗಳು ಅದನ್ನು ಕಂಡರೆ ನಗುತ್ತಿದ್ದವು. "ಮೀನಾಗಿ ಹುಟ್ಟಿ ಯಾವಾಗ ನೋಡಿದರೂ ಆಕಾಶ ನೋಡುತ್ತಿರುತ್ತದೆ," ಅನ್ನುತ್ತಿದ್ದವು.

"ನೀನು ಏನು ತಿನ್ನುತ್ತೀಯ?" ಕೆಂಚವ್ವ ಕೇಳಿದಳು.

"ನೀರಿನ ಮೇಲೆ ಬಿದ್ದದ್ದು. ನೀರಿನ ಮೇಲುಪದರಕ್ಕೆ ಅಂಟಿಕೊಂಡದ್ದು."

"ಸೊಳ್ಳೆಮರಿ?"

"ಅದಕ್ಕಿಂತ ರುಚಿ ಬೇರೆ ಏನಿದೆ?" ಅಂದಿತು ಸಣ್ಣ ಮೀನು.

ಕೆಂಚವ್ವ ಆತುರಪಡಲಿಲ್ಲ. "ನಮ್ಮ ನೀರು ನಿಂತ ನೀರು. ಬೆಚ್ಚಗಿನ ನೀರು. ನಿನಗೆ ಆಗುತ್ತದೋ?"

"ನಾನು ಹುಟ್ಟಿದ್ದೇ ಇಂಥ ಮೂಲೆಯಲ್ಲಿ. ಹರಿವಿಗೆ ಹೋದರೆ ಕೊಚ್ಚಿಕೊಂಡು ಹೋಗುತ್ತೇನೆ," ಅಂದಿತು ಮೀನು. ಆಮೇಲೆ ಸ್ವಲ್ಪ ಅಳುಕುತ್ತ, "ಒಂದು ಕೇಳಲೇ? ದಡದ ಹುಲ್ಲು ಕೀಳಬೇಡ. ಮಿಂಚುಳ್ಳಿ ಬಂದರೆ ಅಡಗುವುದಕ್ಕೆ ಬೇಕು. ಆಮೇಲೆ ಚೆಂದವಿದೆ ಅಂತ ಯಾವ ದೊಡ್ಡ ಮೀನನ್ನೂ ತಂದು ನಮ್ಮ ಜೊತೆ ಬಿಡಬೇಡ. ನನ್ನೊಬ್ಬಳನ್ನೇ ಕರೆದುಕೊಂಡು ಹೋಗಲೂ ಬೇಡ. ನಮ್ಮವರು ಹನ್ನೆರಡು ಜನ ಇದ್ದೇವೆ," ಅಂದಿತು.

"ಹುಲ್ಲು ಇರುತ್ತದೆ," ಅಂದಳು ಕೆಂಚವ್ವ. "ದೊಡ್ಡ ಮೀನು ಬರುವುದಿಲ್ಲ. ನೀವು ಎಲ್ಲರೂ ಬನ್ನಿ."

ಹನ್ನೆರಡೂ ಮೀನು ಬಾನಿಯೊಳಕ್ಕೆ ಈಜಿ ಬಂದವು. ಬಾನಿ ಹೊತ್ತಾಗ ನೀರಿನ ಭಾರ ಬಿಟ್ಟರೆ ಬೇರೆ ಭಾರವೇ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಬೊಮ್ಮಣ್ಣ ಹೇಳಿದ ಹಾಗೆಯೇ ಗೋಡೆಗೆ ಒರಗಿ ಕೂತಿದ್ದ. ಹೂವಿಯ ಹಣೆಯ ಬಟ್ಟೆ ಹಸಿಯಾಗಿತ್ತು. ಅವನೇ ದಿನವಿಡೀ ಬದಲಾಯಿಸಿದ್ದ.

ಮಾರನೆಯ ದಿನ ಅಮಾವಾಸ್ಯೆ. ಹಟ್ಟಿಯವರು ಗುದ್ದಲಿ, ಮಂಕರಿ ಹಿಡಿದು ಹಿತ್ತಲಿಗೆ ಬಂದರು. ಬೊಮ್ಮಣ್ಣ ಮುಂದೆ ಬಂದು ಹೊಂಡದೊಳಕ್ಕೆ ನೋಡಿದ.

"ಮೀನೆಲ್ಲಿ ಕೆಂಚಕ್ಕ?"

"ಇದೆ."

"ಕಾಣುತ್ತಿಲ್ಲವಲ್ಲ."

ಹಿಂದಿನಿಂದ ಯಾರೋ, "ಮುದುಕಿಗೆ ಹೊಂಡದ ಮೇಲೆ ಮೋಹ," ಅಂದರು. ಒಬ್ಬ ಗುದ್ದಲಿ ಎತ್ತಿ ಮೊದಲ ಹೆಂಟೆಯನ್ನು ನೀರಿಗೆ ಉರುಳಿಸಿಯೂಬಿಟ್ಟ.

ಕೆಂಚವ್ವ ಕೂಗಾಡಲಿಲ್ಲ. ಬೊಮ್ಮಣ್ಣನ ತೋಳು ಹಿಡಿದು, "ನಿನ್ನೆ ನೀನು ನನಗಾಗಿ ಒಂದು ಹಗಲು ಕೂತೆ. ಇವತ್ತು ಒಂದು ಗಳಿಗೆ ಕೂರು. ನೆರಳು ನೀರಿಗೆ ಬೀಳಬಾರದು," ಅಂದಳು.

ಬೊಮ್ಮಣ್ಣ ಕೂತ. ಉಳಿದವರು ಗುದ್ದಲಿಯ ಮೇಲೆ ಕೈಯೂರಿ ನಿಂತರು. ಹೆಂಟೆ ಬಿದ್ದ ರಾಡಿ ಕೆಳಗಿಳಿಯಿತು. ನೀರು ತಿಳಿಯಾಯಿತು.

ಹೊಂಗೆಯ ನೆರಳಿನಲ್ಲಿ ಒಂದು ಉಂಗುರ ಎದ್ದಿತು. ಮಳೆಹನಿ ಬಿದ್ದಾಗ ಏಳುವಂಥ ಸಣ್ಣ ಉಂಗುರ. ಆಕಾಶದಲ್ಲಿ ಮೋಡವಿರಲಿಲ್ಲ. ಹುಲ್ಲಿನ ಹತ್ತಿರ ಇನ್ನೊಂದು ಉಂಗುರ. ಈಚೆ ಒಂದು, ಆಚೆ ಒಂದು. ಬೊಮ್ಮಣ್ಣ ಬಗ್ಗಿದ. ಅವನ ಮೂಗಿನ ಕೆಳಗೇ ಒಂದು ಸೊಳ್ಳೆಮರಿ ಬಳುಕುತ್ತ ಮೇಲೆ ಬಂತು. ಉಂಗುರ ಎದ್ದಿತು. ಸೊಳ್ಳೆಮರಿ ಇರಲಿಲ್ಲ.

ಬೊಮ್ಮಣ್ಣ ಬಹಳ ಹೊತ್ತು ಕೂತಿದ್ದ. ನೆರಳು ಅವನ ಕಾಲಿನಿಂದ ಮಂಡಿಗೆ ಬಂತು. ಕೊನೆಗೆ ಎದ್ದು, ತನ್ನ ಗುದ್ದಲಿಯನ್ನು ಹೆಗಲ ಮೇಲೆ ಹಾಕಿಕೊಂಡು, "ನಡೆಯಿರಿ. ಇಲ್ಲಿ ಕೆಲಸದವರು ಆಗಲೇ ಬಂದಿದ್ದಾರೆ," ಅಂದ.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಸೊಳ್ಳೆ ಮೆಲ್ಲಗೆ ಕಡಿಮೆಯಾಯಿತು. ಮುಂದಿನ ಹುಣ್ಣಿಮೆಯ ಹೊತ್ತಿಗೆ ಸಂಜೆ ಹೊರಗೆ ಕೂತು ಮಾತಾಡುವಂತಾಯಿತು. ಹೊಸದಾಗಿ ಯಾರಿಗೂ ಜ್ವರ ಬರಲಿಲ್ಲ. ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದರು. ಸಾಕವ್ವ ಎದ್ದು ಕೂಸಿಗೆ ನೀರು ಹಾಕಿದಳು. ಕುಡಿಕೆಯಲ್ಲಿದ್ದ ಕಪ್ಪೆ ಹೊಂಡಕ್ಕೆ ಮರಳಿ ಹೋಯಿತು.

ಒಂದು ಬೆಳಗ್ಗೆ ಕೆಂಚವ್ವ ತಿಗರಿಯ ಮುಂದೆ ಕೂತಿದ್ದಳು. ಹಿಂದಿನಿಂದ ಸಣ್ಣ ದನಿ ಬಂತು.

"ಅಜ್ಜಿ, ಹಸಿವು."

ಕೆಂಚವ್ವ ತಿರುಗಿ ನೋಡಿದಳು. ಹೂವಿ ಬಾಗಿಲು ಹಿಡಿದುಕೊಂಡು ನಿಂತಿದ್ದಳು. ಕಾಲು ನಡುಗುತ್ತಿತ್ತು, ಆದರೆ ನಿಂತಿದ್ದಳು. ತಿಗರಿಯ ಮೇಲಿದ್ದ ಮಡಕೆ ಸೊಟ್ಟಗಾಗಿ ಕುಸಿಯಿತು. ಕೆಂಚವ್ವ ಅದನ್ನು ನೋಡಲೇ ಇಲ್ಲ. ಮಗುವಿಗೆ ಉಣ್ಣಿಸಿದಳು, ಕೈ ತೊಳೆದಳು, ಹೊಂಡದ ದಡಕ್ಕೆ ಹೋಗಿ ಕೂತಳು. ಏನಾದರೂ ಹೇಳಬೇಕು ಅನ್ನಿಸಿತು, ಮಾತು ಬರಲಿಲ್ಲ. ಹುಲ್ಲಿನ ಸಂದಿಯಲ್ಲಿ ಒಂದು ಉಂಗುರ ಎದ್ದು ದಡದವರೆಗೂ ಬಂತು.

ಅದಾಗಿ ಕೆಲವು ದಿನಕ್ಕೆ ಸಾಕವ್ವ ಏದುಸಿರು ಬಿಡುತ್ತ ಕೊಡ ಹೊತ್ತು ಬಂದಳು. ತುಂಬಿದ ಕೊಡವನ್ನು ವಾಪಸು ತಂದಿದ್ದಳು.

"ನೋಡು ಕೆಂಚಕ್ಕ, ಕೊಡದೊಳಗೆ ಮೀನು ಬಂದುಬಿಟ್ಟಿದೆ. ಒಲೆಯ ಮೇಲಿನ ಪಾತ್ರೆಗೆ ಬಗ್ಗಿಸುವುದರಲ್ಲಿದ್ದೆ. ಕಣ್ಣಿಗೆ ಕಾಣುವುದೇ ಇಲ್ಲ ಇವು. ನನ್ನ ಕೂಸನ್ನು ಉಳಿಸಿದವನ್ನು ನಾನೇ ಬೇಯಿಸಿಬಿಡುತ್ತಿದ್ದೆ," ಅಂದಳು.

ಕೆಂಚವ್ವ ಆಗ ಸುಟ್ಟ ಮಡಕೆಗಳ ಕತ್ತಿಗೆ ಬಿಳಿ ಜೇಡಿಮಣ್ಣಿನಿಂದ ಚುಕ್ಕಿ ಇಡುತ್ತಿದ್ದಳು. ಬೆರಳ ತುದಿ ಬೆಳ್ಳಗಾಗಿತ್ತು. ಅವಳು ಕೊಡದಿಂದ ಮೀನನ್ನು ನೀರಿನ ಸಮೇತ ಎಡ ಅಂಗೈಗೆ ತೆಗೆದುಕೊಂಡಳು. ಅಂದು ಜೊಂಡಿನ ಹತ್ತಿರ ಮಾತಾಡಿದ ಮೀನೇ ಅದು.

"ನೀವು ಯಾರಿಗೂ ಕಾಣುವುದಿಲ್ಲ," ಅಂದಳು ಕೆಂಚವ್ವ. "ನಿಮಗೊಂದು ಗುರುತು ಬೇಕು. ಆದರೆ ಗುರುತು ಇಟ್ಟರೆ ಮಿಂಚುಳ್ಳಿಗೂ ಕಂಡೀತು ಅಂತ ಭಯ."

ಸಣ್ಣ ಮೀನು ಅಂಗೈಯಲ್ಲಿ ಒಂದು ಸುತ್ತು ತಿರುಗಿತು.

"ಮಿಂಚುಳ್ಳಿ ಬಂದರೆ ಹುಲ್ಲಿದೆಯಲ್ಲ," ಅಂದಿತು. "ಹೊಳೆಯಲ್ಲಿ ನಾವಿದ್ದೇವೆ ಅಂತ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಕೊಡ ಮುಳುಗಿಸುವವರಿಗೆ ಗೊತ್ತಾಗಲಿ. ಇಡು."

ಕೆಂಚವ್ವ ಹೂವಿಯನ್ನು ಕರೆದಳು. ಹೂವಿ ಬಿಳಿ ಜೇಡಿಯ ಕುಡಿಕೆ ಹಿಡಿದು ನಿಂತಳು. ಮನೆಗೆ ಬಂದ ಮಗಳಿಗೆ ಬೊಟ್ಟಿಡುವ ಹಾಗೆ, ಕೆಂಚವ್ವ ಉಂಗುರದ ಬೆರಳಿನಿಂದ ಆ ಮೀನಿನ ನೆತ್ತಿಗೆ ಒಂದು ಬೊಟ್ಟಿಟ್ಟಳು.

"ನಮ್ಮ ಮನೆಯಲ್ಲಿ ಸುಖವಾಗಿರು," ಅಂದಳು. ಅಷ್ಟು ದಿನ ಬಾರದ ಮಾತು ಈಗ ಬಂತು. "ನಿನ್ನಿಂದ ಈ ಮಗು ಉಂಡಿತು. ನಿನ್ನ ಮಕ್ಕಳ ಮಕ್ಕಳು ಯಾವ ಹಿತ್ತಲಿಗೆ ಹೋದರೂ ಅಲ್ಲಿ ಅವರಿಗೆ ಜಾಗವಿರಲಿ."

ಮೀನನ್ನು ಹೊಂಡಕ್ಕೆ ಬಿಟ್ಟಾಗ ಬೊಟ್ಟು ನೀರಿಗೆ ಕರಗಲಿಲ್ಲ. ಮನಸಾರೆ ಇಟ್ಟದ್ದು ಆ ಕಾಲದಲ್ಲಿ ಕರಗುತ್ತಿರಲಿಲ್ಲ. ಬಿಸಿಲು ತಾಗಿ ಅದು ಬೆಳ್ಳಿಯಂತೆ ಹೊಳೆಯಿತು. ಉಳಿದ ಹನ್ನೊಂದು ಮೀನುಗಳೂ ದಡಕ್ಕೆ ಬಂದು ಸಾಲಾಗಿ ನೆತ್ತಿಯೊಡ್ಡಿದವು. ಮುಂದೆ ಹುಟ್ಟಿದ ಮರಿಗಳು ಬೊಟ್ಟಿಟ್ಟುಕೊಂಡೇ ಹುಟ್ಟಿದವು. ಅಂದಿನಿಂದ ಹಟ್ಟಿಯ ಹೆಂಗಸರು ಕೊಡ ಮುಳುಗಿಸುವ ಮೊದಲು ಒಂದು ಗಳಿಗೆ ನಿಂತು, ನೀರಿನಲ್ಲಿ ಬೊಟ್ಟು ಹುಡುಕಿ, ಅದು ಸರಿದು ಹೋಗುವವರೆಗೆ ಕಾಯುತ್ತಿದ್ದರು.

ಆಚೆ ಹಟ್ಟಿಯವರೂ ಬಂದು ನೋಡಿ ತಮ್ಮ ಹಿತ್ತಲಲ್ಲಿ ಹೊಂಡ ತೋಡಿದರು. ಅವರು ಮೀನು ಕೇಳಿದರೆ ಕೆಂಚವ್ವ, "ಮೊದಲು ಹೊಂಡ ಅಳೆದುಕೊಂಡು ಬನ್ನಿ," ಅನ್ನುತ್ತಿದ್ದಳು. ಅಳೆದು ಬಂದವರಿಗೆ ಹೂವಿಯ ಕೈಯಿಂದಲೇ ಮೀನು ಕೊಡಿಸುತ್ತಿದ್ದಳು.

ಇಂದಿಗೂ ನೀನು ಯಾವುದಾದರೂ ಹಿತ್ತಲ ಹೊಂಡಕ್ಕೋ ಗದ್ದೆಯ ಬದಿಯ ಕಾಲುವೆಗೋ ಹೋಗಿ, ಸದ್ದು ಮಾಡದೆ ಬಗ್ಗಿ ನೋಡಿದರೆ, ನೀರಿನ ಮೇಲುಗಡೆ ಬೆಳ್ಳಿಯ ಬೊಟ್ಟೊಂದು ತಾನೇ ತಾನಾಗಿ ಮೆಲ್ಲಗೆ ಸರಿದಾಡುತ್ತಿರುವುದು ಮೊದಲು ಕಾಣುತ್ತದೆ, ಕಣ್ಣು ಕೀಳದೆ ಇನ್ನೂ ಒಂದು ಗಳಿಗೆ ನೋಡುತ್ತಲೇ ಇದ್ದರೆ ಆ ಬೊಟ್ಟಿನ ಕೆಳಗೆ ಮೀನು ಕಾಣುತ್ತದೆ.